‘ಅರಳೆ’ಯ ಎರಡನೇ ಮಗ್ಗುಲು

ಪಿಂಜಾರ ಓಣಿ, ಹುಬ್ಬಳ್ಳಿ
ಫೆಬ್ರವರಿ 30, 2318

ಪ್ರೀತಿಯ ಮಕ್ತುಮಸಾಬಜ್ಜನಿಗೆ,

ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ, ಸರಿಯಾಗಿಯೇ ಬರೆದಿದ್ದೇನೆ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಉಳಿದ ತಿಂಗಳುಗಳೆಲ್ಲ ಹೊಟ್ಟೆ ತುಂಬ ಉಂಡು ಕೂತಿರುವಾಗ ಅದೊಂದಕ್ಕೆ ಮಾತ್ರ ಅರೆಹೊಟ್ಟೆ ಏಕೆಂದು ನಮ್ಮ ಹಿರಿಯರು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ಆ ಮೂವತ್ತನೇ ದಿನ ನಮ್ಮ ಊರಿನ ಹಬ್ಬ. ಏನು ಹಬ್ಬ ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ಭಾಷೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನೀವು ದಿನವೂ ಓದುವ ಕನ್ನಡವನ್ನು ನಾವು ಶಾಲೆಯಲ್ಲಿ ಹಳಗನ್ನಡವೆಂದು ಕಲಿಯುತ್ತೇವೆ. ಪರೀಕ್ಷೆಯಲ್ಲಿ ನಿಮ್ಮ ಕಾಲದ ಲಗ್ನಪತ್ರಿಕೆಯೊಂದನ್ನು ಕೊಟ್ಟು ಭಾವಾರ್ಥ ಬರೆಯಿರಿ ಎನ್ನುತ್ತಾರೆ. ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಬಂತೆಂದರೆ ಅರ್ಧ ತರಗತಿ ನಪಾಸು. ನಾನು ಪಾಸಾದವಳು, ಅದಕ್ಕೇ ಈ ಧೈರ್ಯ. ನಮ್ಮ ಜನ ಆಡಿದ ಮಾತು ಬಂದ ಕಡೆ ಅದನ್ನು ನಿಮ್ಮ ಕಾಲದ ಹುಬ್ಬಳ್ಳಿ ಮಾತಿಗೆ ತಿರುಗಿಸಿದ್ದೇನೆ. ನಿಜ ಹೇಳಬೇಕೆಂದರೆ ಹೆಚ್ಚು ತಿರುಗಿಸಬೇಕಾಗಲಿಲ್ಲ. ಪುಸ್ತಕದ ಕನ್ನಡ ಎಲ್ಲೆಲ್ಲಿಗೋ ಹೋಗಿದೆ, ಓಣಿಯ ಕನ್ನಡ ಕೂತಲ್ಲೇ ಕೂತಿದೆ.

ಈ ಕಾಗದ ನಿಮ್ಮ ಕೈ ಸೇರುವುದು ಹಿಂದಂಚೆಯಲ್ಲಿ. ಮುಂದಕ್ಕೆ ಹೋಗುವ ಅಂಚೆ ನಿಮಗೆ ಗೊತ್ತು, ಇದು ಹಿಂದಕ್ಕೆ ಹೋಗುತ್ತದೆ. ಹೇಗೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಬಸ್ಸು ಹತ್ತುವವರೆಲ್ಲ ಎಂಜಿನ್ ಬಿಚ್ಚಿ ನೋಡುತ್ತಾರೆಯೇ? ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಹೆಚ್ಚಿನವರು ಅದನ್ನು ಪೂರ್ವಜರನ್ನು ಬೈಯಲು ಖರ್ಚು ಮಾಡುತ್ತಾರೆ: ಕೆರೆ ಯಾಕೆ ಮುಚ್ಚಿದಿರಿ, ಗಿಡ ಯಾಕೆ ಕಡಿದಿರಿ, ನನಗೆ ಈ ಮೂಗು ಯಾಕೆ ಕೊಟ್ಟಿರಿ. ನಾನು ನನ್ನದನ್ನು ಹೊಗಳಲು ಬಳಸುತ್ತಿದ್ದೇನೆ. ಕೊನೆಯಲ್ಲಿ ಒಂದು ಕೋರಿಕೆಯೂ ಇದೆ. ಅದು ನಿಮಗೆ ಬರುವ ಭಾನುವಾರದ ವಿಷಯ, ನಿಮ್ಮ ಮೊಮ್ಮಗಳು ನಾಜನೀನಳ ವಿಷಯ. ಆದ್ದರಿಂದ ಇದನ್ನು ಅರ್ಧಕ್ಕೇ ಮಡಚಿ ಕಿಸೆಗೆ ಹಾಕಬೇಡಿ.

ನನ್ನ ಹೆಸರು ಗುಲ್ನಾರ್ ನದಾಫ. ನಾಜನೀನಳ ಮಗಳ ಮಗಳ ಮಗಳು ಎಂದು ಶುರು ಮಾಡಿದರೆ ಹಾಳೆ ತುಂಬುತ್ತದೆ, ನಿಮ್ಮ ಕುಡಿ ಎಂದರೆ ಸಾಕು. ಕಸುಬಿನಿಂದ ಮುಳ್ಳುಗಾರ್ತಿ. ನಿಮ್ಮ ಗ್ರಾಮಫೋನಿನ ಮುಳ್ಳು ಲೋಹದ್ದು, ವಜ್ರದ್ದು ಎಂದು ಕೇಳಿದ್ದೇನೆ. ನಾವು ಪ್ಲೇಟು ಸವೆಯಬಾರದೆಂದು ಜಾಲಿಯ ಮುಳ್ಳನ್ನು ಮಸೆದು ಹಾಕುತ್ತೇವೆ. ಮುಳ್ಳು ಆರಿಸುವುದು, ಒಣಗಿಸುವುದು, ಮಸೆಯುವುದು ನನ್ನ ಕೆಲಸ. ಯಾವ ಪ್ಲೇಟಿಗೆ ಅಂದಿರಾ? ನಿಮ್ಮದಕ್ಕೇ ಅಜ್ಜಾ, ನಿಮ್ಮ ‘ಅರಳೆ’ಗೆ.

ನೀವು ಈಗ ತಲೆ ಅಲ್ಲಾಡಿಸುತ್ತಿದ್ದೀರಿ ಎಂದು ಗೊತ್ತು. ನೀವು, ಹಾರ್ಮೋನಿಯಂ ವಿರೂಪಾಕ್ಷ ಮಾಸ್ತರರು, ಹಾಡು ಮತ್ತು ಗಿಟಾರಿನ ಫಿಲೋಮಿನಾ ಬಾಯಿ, ಮೂವರೂ ಸೇರಿ ಹರೆಯದಲ್ಲಿ ಪಿಂಜಾರ ಓಣಿ ಎಂಬ ಬ್ಯಾಂಡು ಕಟ್ಟಿದಿರಿ. ಎಲ್ಲರೂ ಪ್ರೀತಿ ಪ್ರೇಮದ ಹಾಡು ಕಟ್ಟುತ್ತಿದ್ದಾಗ ನೀವು ಒಂದು ಹತ್ತಿ ಬೀಜದ ಕಥೆಯನ್ನು ರಾಕ್ ಸಂಗೀತದಲ್ಲಿ ಹೇಳಲು ಹೊರಟಿರಿ. ಅದೇ ‘ಅರಳೆ’, ಬೀಜ ಮಣ್ಣಿಗೆ ಬಿದ್ದಲ್ಲಿಂದ ಗಾದಿಯಾಗಿ ಯಾರದೋ ಬೆನ್ನಿನ ಕೆಳಗೆ ಬರುವ ತನಕ. ರೈಲ್ವೆ ಸಭಾಂಗಣದಲ್ಲಿ ನುಡಿಸಿದಾಗ ಸಿನಿಮಾ ಹಾಡು ಕೇಳಲು ಬಂದಿದ್ದ ಜನ ನಡುವೆಯೇ ಊಟಕ್ಕೆ ಎದ್ದರು. ಪೇಪರಿನವನೊಬ್ಬ ‘ಗಾದಿಯ ಕುರಿತು ಇಪ್ಪತ್ತೆರಡು ನಿಮಿಷ ಹಾಡಿದರೆ ಕೇಳುವವರು ಮಲಗದೆ ಇನ್ನೇನು ಮಾಡಿಯಾರು’ ಎಂದು ಬರೆದ. ಮಾರಾಟವಾಗದ ಪ್ಲೇಟುಗಳು ಉಪ್ಪಿನಕಾಯಿ ಭರಣಿಯ ಮುಚ್ಚಳಗಳಾದವು. ಆ ಪೇಪರಿನವನ ಮೇಲೆ ನನಗೆ ಮುನ್ನೂರು ವರ್ಷದ ಸಿಟ್ಟಿದೆ. ಅವನಿಗೇ ಈ ಕಾಗದ ಬರೆಯಬೇಕೆಂದಿದ್ದೆ, ಆಮೇಲೆ ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಬಿಟ್ಟೆ.

ನೀವು ಏನು ಮಾಡಿದ್ದೀರಿ ಎಂದು ನಿಮಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ ಕೇಳಿ. ಮೊದಲನೆಯದಾಗಿ ಆ ಸದ್ದು. ಸ್ಟುಡಿಯೋ ಸಿಗದೆ ಹತ್ತಿ ಗೋದಾಮಿನಲ್ಲಿ, ಹತ್ತಿ ತುಂಬಿದ ಅಂಡಿಗೆಗಳ ನಡುವೆ ಕೂತು ರೆಕಾರ್ಡಿಂಗ್ ಮಾಡಿದಿರಿ. ಹತ್ತಿ ಮಾರ್ದನಿಯನ್ನೆಲ್ಲ ನುಂಗಿಬಿಟ್ಟಿದೆ. ಹಾಗಾಗಿ ಫಿಲೋಮಿನಾ ಬಾಯಿ ಹಾಡಿದರೆ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಶುರುವಿನ ‘ಬೀಜ’ದಲ್ಲಿ ಡ್ರಮ್ಮೇ ಇಲ್ಲ, ನಿಮ್ಮ ಕೈಯಲ್ಲಿ ನಿಮ್ಮ ಅಪ್ಪನ ಹತ್ತಿ ಹಿಂಜುವ ಬಿಲ್ಲು ಮಾತ್ರ. ಮರದ ಕೊಡತಿಯಿಂದ ಬಿಲ್ಲಿನ ನರಕ್ಕೆ ಒಂದು ಪೆಟ್ಟು, ಠಣ್, ಆಮೇಲೆ ಅದರ ನಡುಕ ಸಾಯುವ ತನಕ ಮೌನ. ಅಷ್ಟು ಹೊತ್ತು ಸುಮ್ಮನಿರುವ ಧೈರ್ಯ ಯಾವ ಡ್ರಮ್ಮಿನವನಿಗಿದೆ ಹೇಳಿ! ‘ಬಿಡಿಸುವವರು’ ಬಂದಾಗ ಹತ್ತಿ ಬಿಡಿಸುವ ಹೆಂಗಸರ ಗುಂಯ್‌ಗುಡುವಿಕೆಯ ಕೆಳಗೆ ಮಾಸ್ತರರು ಹಾರ್ಮೋನಿಯಂ ಹೊಟ್ಟೆಗೆ ಮೈಕು ಇಳಿಸಿ, ಗಿಟಾರಿನ ಪೆಡಲಿಗೆ ಸಿಕ್ಕಿಸಿ ನುಡಿಸುತ್ತಾರೆ. ಭಜನೆಯ ಪೆಟ್ಟಿಗೆಯಿಂದ ಅಂಥ ಗುಡುಗು ಬರುತ್ತದೆಂದು ಯಾರು ಎಣಿಸಿದ್ದರು? ಇನ್ನು ‘ಜಿನ್ನು’. ಹತ್ತಿ ಬೀಜ ಬೇರೆ ಮಾಡುವ ಜಿನ್ನಿಂಗ್ ಕಾರ್ಖಾನೆಯ ಆ ಹಾಡಿನಲ್ಲಿ ಏಳರ ತಾಳಕ್ಕೆ ಹೆಜ್ಜೆ ಇಡುವಷ್ಟರಲ್ಲಿ ಐದಾಗಿರುತ್ತದೆ, ಐದು ಎಂದುಕೊಂಡರೆ ಮತ್ತೆ ಏಳು. ನಮ್ಮ ಮಕ್ಕಳು ಹಗ್ಗದಾಟ ಆಡುವುದು ಅದೇ ಲೆಕ್ಕಕ್ಕೆ. ಹೊರಗಿನವರು ಬಂದು ಆಡಲು ಹೋಗಿ ಮುಗ್ಗರಿಸಿದರೆ ನಮಗೆ ಒಳಗೊಳಗೇ ಖುಷಿ.

ಎಲ್ಲವೂ ಹೊನ್ನೇ ಎಂದು ನಾನು ಹೇಳುವುದಿಲ್ಲ. ‘ಬಿಸಿಲು’ ಹಾಡಿನ ಕೊನೆಯ ಗಿಟಾರು ಅತಿಯಾಯಿತು. ಬಿಸಿಲು ಮುಗಿಯುವುದೇ ಇಲ್ಲ ಎಂಬುದನ್ನು ತೋರಿಸಲು ಹಾಗೆ ಮಾಡಿದರಂತೆ ಎಂದು ನಮ್ಮ ಪಂಡಿತರು ಸಮರ್ಥಿಸುತ್ತಾರೆ. ನನಗೇನೋ ಫಿಲೋಮಿನಾ ಬಾಯಿಯನ್ನು ನಿಲ್ಲಿಸಲು ನಿಮ್ಮಿಬ್ಬರಿಗೂ ಧೈರ್ಯ ಸಾಲಲಿಲ್ಲ ಅನಿಸುತ್ತದೆ.

ಇಷ್ಟು ದೂರದವರಿಗೆ ಇದು ಹೇಗೆ ಮುಟ್ಟಿತು ಎನ್ನುತ್ತೀರಾ? ನಿಮ್ಮ ಕಾಲದವರು ಗಾಳಿಯಲ್ಲಿ ಇಟ್ಟ ಹಾಡುಗಳು ನಮಗೆ ಬರಲಿಲ್ಲ. ಎಲ್ಲಕ್ಕೂ ಬೀಗ ಹಾಕಿದ್ದರು, ಗುಟ್ಟಿನ ಅಕ್ಷರ ಯಾರಿಗೂ ಹೇಳದೆ ಸತ್ತರು. ಪ್ಲೇಟಿಗೆ ಅದೇನೂ ಬೇಡ. ತಿರುಗಿಸಬೇಕು, ಮುಳ್ಳಿಡಬೇಕು. ನಿಮ್ಮ ಮನೆಯ ಅಟ್ಟದಲ್ಲಿದ್ದ ಒಂದು ಪ್ಲೇಟು ಹೇಗೋ ಉಳಿದು ಬಂತು. ಬಂದ ಕಾಲವೂ ಸರಿಯಾಗಿತ್ತು, ಏಕೆಂದರೆ ಆ ಹೊತ್ತಿಗೆ ನಮ್ಮ ಜನ ಗಾದಿಗೆ ಮರಳಿದ್ದರು. ನಮ್ಮ ಬೇಸಿಗೆ ನಿಮ್ಮದಕ್ಕಿಂತ ಖಡಕ್ಕು. ನಡುಹಗಲಲ್ಲಿ ಯಾರೂ ಹೊರಗೆ ಇರುವುದಿಲ್ಲ. ಓಣಿಗೊಂದು ಮಧ್ಯಾಹ್ನಮನೆ ಇದೆ, ಎಂದರೆ ನೆಲದೊಳಗೆ ಅರ್ಧ ಇಳಿದ ತಣ್ಣನೆಯ ದೊಡ್ಡ ಪಡಸಾಲೆ. ಊಟವಾದ ಮೇಲೆ ಇಡೀ ಓಣಿ ಅಲ್ಲಿಗೆ ಬಂದು ಸಾಲಾಗಿ ಹತ್ತಿ ಗಾದಿ ಹಾಸಿ ಮಲಗುತ್ತದೆ. ಜಗಳವಾಡಿದವರೂ ಮಗ್ಗುಲಲ್ಲೇ ಮಲಗಬೇಕು, ಹಾಗಾಗಿ ಜಗಳಗಳು ಬಹಳ ಬಾಳುವುದಿಲ್ಲ. ಸ್ಪಂಜಿನ ಹಾಸಿಗೆಗಳು ನಿಮ್ಮ ಕಾಲಕ್ಕೇ ಮುಗಿದವು. ಗಾದಿ ಹಿಂಜುವವರಿಗೆ ನಮ್ಮಲ್ಲಿ ಡಾಕ್ಟರರಿಗಿರುವಷ್ಟು ಮಾನ. ಮನೆಮನೆಗೆ ಹೋದರೆ ಮೊದಲು ಚಹಾ, ಆಮೇಲೆ ಕೆಲಸ. ರೈಲುಗಳು ಈಗ ಸದ್ದಿಲ್ಲದೆ ತೇಲುತ್ತವೆ, ಆದರೆ ನಿದ್ದೆ ಬರುವುದಿಲ್ಲವೆಂದು ಪ್ರಯಾಣಿಕರು ತಕರಾರು ಮಾಡಿದ್ದರಿಂದ ಹಳೆಯ ಖಡಖಡ ಸದ್ದನ್ನು ಬೇರೆಯಾಗಿ ಹಾಕುತ್ತಾರೆ. ಚುರುಮುರಿಯ ಗಿರಮಿಟ್ಟು ಮಾತ್ರ ಹೇಗಿತ್ತೋ ಹಾಗೇ ಇದೆ, ಮೇಲೆ ಹಸಿಮೆಣಸಿನಕಾಯಿ ಸಮೇತ. ಇಂಥ ಊರಿಗೆ ಗಾದಿಯ ಮೇಲಿನ ಇಪ್ಪತ್ತೆರಡು ನಿಮಿಷದ ಹಾಡು ಸಿಕ್ಕರೆ ಏನಾಗಬಹುದು, ನೀವೇ ಯೋಚಿಸಿ.

ಈಗ ಎರಡನೇ ಮಗ್ಗುಲಿಗೆ ಬರುತ್ತೇನೆ. ಆ ಕಡೆ ಒಂದೇ ಹಾಡು, ‘ಗಾದಿ’. ಮೊದಲು ಬಿಲ್ಲು ಹಗುರವಾಗಿ, ಆಮೇಲೆ ಹಾರ್ಮೋನಿಯಂ, ಆಮೇಲೆ ಗಿಟಾರೂ ಕೂಡಿ ಮೂರೂ ಅರಳೆ ಹಾರಿದ ಹಾಗೆ ಏರುತ್ತ ಏರುತ್ತ, ನಡುವೆ ಒಮ್ಮೆಲೇ ಎಲ್ಲ ತಗ್ಗುತ್ತದೆ. ಬಿಲ್ಲಿನ ಒಂದು ಪೆಟ್ಟು, ಹಾರ್ಮೋನಿಯಂನ ಎರಡು ಸ್ವರ, ಆಮೇಲೆ ಫಿಲೋಮಿನಾ ಬಾಯಿಯ ನಗೆ. ಬಾಯಿ ಮುಚ್ಚಿಕೊಂಡರೂ ತಡೆಯಲಾರದೆ ಉಕ್ಕಿದ ಪಕ್ಕಾ ಹುಡುಗಿ ನಗೆ. ಮತ್ತೆ ಪೆಟ್ಟು, ಎರಡು ಸ್ವರ, ನಗೆ. ಮತ್ತೆ ಪೆಟ್ಟು, ಎರಡು ಸ್ವರ, ನಗೆ. ಮುಳ್ಳನ್ನು ಯಾರಾದರೂ ಎತ್ತಿ ಕೂದಲೆಳೆಯಷ್ಟು ಮುಂದಿಡುವ ತನಕ ಅದು ಹಾಗೇ ನಡೆಯುತ್ತದೆ.

ಅಲ್ಲಿ ಗೀರಿದೆ, ಮುಳ್ಳು ಸಿಕ್ಕಿಕೊಳ್ಳುತ್ತದೆ ಎಂದು ನಿಮಗೆ ತಕ್ಷಣ ಹೊಳೆಯಿತು ಅಲ್ಲವೇ? ನಮಗೆ ತಲೆಮಾರುಗಟ್ಟಲೆ ಹೊಳೆಯಲಿಲ್ಲ. ನಮ್ಮ ಬಳಿ ಇದ್ದದ್ದು ಅದೊಂದೇ ಪ್ಲೇಟು, ಹೋಲಿಸಿ ನೋಡಲು ಇನ್ನೊಂದು ಎಲ್ಲಿತ್ತು? ನೀವು ಹಾಗೆಯೇ ಕಟ್ಟಿದ್ದೀರಿ ಎಂದುಕೊಂಡೆವು. ಒಬ್ಬ ಪಂಡಿತರು ‘ಅನಂತ ನಗೆಯ ಸಿದ್ಧಾಂತ’ ಎಂದು ದಿಂಬಿನಷ್ಟು ದಪ್ಪ ಪುಸ್ತಕ ಬರೆದರು. ಹಬ್ಬ ಹುಟ್ಟಿದ್ದೂ ಅಲ್ಲಿಂದಲೇ. ವರ್ಷಕ್ಕೊಮ್ಮೆ, ಫೆಬ್ರವರಿ ಮೂವತ್ತರ ಮಧ್ಯಾಹ್ನ, ಊರೆಲ್ಲ ಗಾದಿಗಳ ಮೇಲೆ ಕೂತು ‘ಅರಳೆ’ ಕೇಳುತ್ತದೆ. ನಗೆ ಸುತ್ತಲು ಶುರುವಾದ ಕೂಡಲೇ ಮೊದಲು ಮಕ್ಕಳು, ಆಮೇಲೆ ದೊಡ್ಡವರು, ಎಲ್ಲರೂ ಫಿಲೋಮಿನಾ ಬಾಯಿಯೊಂದಿಗೆ ನಗುತ್ತಾರೆ. ಮುಳ್ಳು ಎತ್ತುವ ಹಕ್ಕು ಆ ವರ್ಷ ಎಲ್ಲರಿಗಿಂತ ಹೆಚ್ಚು ದುಃಖ ಕಂಡವರದು. ಅವರು ಪ್ಲೇಟಿನ ಪಕ್ಕ ನಿಲ್ಲುತ್ತಾರೆ. ಅವರಿಗೆ ನಗು ಬರುವ ತನಕ ಯಾರೂ ಏಳುವಂತಿಲ್ಲ. ನಗು ಬಂದಾಗ ಅವರೇ ಮುಳ್ಳು ಎತ್ತಿ ಮುಂದಿಡುತ್ತಾರೆ, ಹಾಡು ಮುಂದೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಸಮಾಧಾನ ನನಗೆ ಗೊತ್ತಿಲ್ಲ.

ಹೀಗಿರುವಾಗ ಈ ವರ್ಷ ಜಪಾನಿನ ಕೋಬೆ ಊರಿನಿಂದ ಒಂದು ಪೊಟ್ಟಣ ಬಂತು. ಅಲ್ಲಿನ ಅಜ್ಜಿಯೊಬ್ಬಳ ಮನೆತನ ಹಳೆಯ ಪ್ಲೇಟು ಕೂಡಿಡುವ ಹುಚ್ಚಿನದು. ನಿಮ್ಮ ‘ಅರಳೆ’ಯ ಇನ್ನೊಂದು ಪ್ರತಿ ಅವಳ ಬಳಿ ಇತ್ತು. ಒಂದು ಗೀರೂ ಇಲ್ಲ, ಕನ್ನಡಿಯಂತೆ ಹೊಳೆಯುತ್ತಿತ್ತು. ಊರಿನಲ್ಲಿ ಎರಡು ಪಕ್ಷವಾಯಿತು. ಅಸಲಿಯೇ ಸಿಕ್ಕ ಮೇಲೆ ಹಬ್ಬಕ್ಕೆ ಅದನ್ನೇ ಹಾಕಬೇಕು ಎಂದು ಒಂದು ಪಕ್ಷ, ಅದನ್ನು ಮುಟ್ಟಲೇ ಬಾರದು ಎಂದು ಇನ್ನೊಂದು. ನಾನು ಮೊದಲನೇ ಪಕ್ಷದವಳು. ಹೊಸ ಮುಳ್ಳನ್ನು ನಾನೇ ಮಸೆದು ಕೊಟ್ಟೆ.

ಈ ಸಲ ಮುಳ್ಳಿನ ಹಕ್ಕು ರೈಲು ನಡೆಸುವ ಚನ್ನಬಸು ಹೊಸಮನಿಯದು. ಅವನ ಹೆಂಡತಿ ಕಮಲವ್ವ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಅವನು ಮಧ್ಯಾಹ್ನಮನೆಗೂ ಬರುತ್ತಿರಲಿಲ್ಲ, ಬಿಸಿಲಲ್ಲೇ ಕೂತಿರುತ್ತಿದ್ದ. ಇಂದು ಹಬ್ಬಕ್ಕೆಂದು ಬಂದು ಪ್ಲೇಟಿನ ಪಕ್ಕ ನಿಂತ. ಕೋಬೆಯ ಪ್ಲೇಟು ತಿರುಗಿತು. ಹಾಡು ಏರಿತು, ತಗ್ಗಿತು. ಒಂದು ಪೆಟ್ಟು, ಎರಡು ಸ್ವರ, ನಗೆ, ಅಷ್ಟೇ. ನಗೆಯ ಹಿಂದೆಯೇ ನಾವು ಯಾರೂ ಎಂದೂ ಕೇಳದ ಒಂದು ಗಂಡಸಿನ ದನಿ ಮೆಲ್ಲಗೆ ಎರಡು ಮಾತು ಆಡಿತು, ಹಾಡು ಮುಂದೆ ಹೋಯಿತು, ಮುಗಿಯಿತು. ಯಾರಿಗೂ ನಗಲು ಹೊತ್ತೇ ಸಿಗಲಿಲ್ಲ. ಚನ್ನಬಸು ಮುಳ್ಳು ಎತ್ತಲು ಚಾಚಿದ್ದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಎತ್ತಲು ಏನೂ ಇರಲಿಲ್ಲ.

ಆಗ ಮೂಲೆಯಿಂದ ನಮ್ಮ ಬೀಬಿಜಾನ್ ದೊಡ್ಡವ್ವ ಗದರಿದಳು: “ಅಲ್ಲs ಗುಲ್ನಾರ, ಆ ಹುಡುಗ ನಿಂತಾನ ಅಲ್ಲಿ. ಅಸಲಿ ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀ? ನಮ್ಮ ಪ್ಲೇಟ್ ಹಾಕ!”

ಓಡಿಹೋಗಿ ಹಳೆಯದನ್ನು ತಂದು ಹಾಕಿದೆ. ನಗೆ ಸುತ್ತತೊಡಗಿತು. ಮಕ್ಕಳು ನಕ್ಕರು, ದೊಡ್ಡವರು ನಕ್ಕರು, ಅಸಲಿ ಪಕ್ಷದವರು ನಾಚಿಕೊಂಡು ನಕ್ಕರು. ಚನ್ನಬಸು ನಗಲಿಲ್ಲ. ಕಾದೆವು. ನಕ್ಕು ನಕ್ಕು ಸುಸ್ತಾಗಿ ಒಂದು ಸಾಲು ಮಲಗಿಯೇಬಿಟ್ಟಿತು. ಒಂದು ಕೂಸು ನಗೆ ತಾಳಕ್ಕೆ ಸರಿಯಾಗಿ ಬಿಕ್ಕಳಿಸತೊಡಗಿತು. ಪೆಟ್ಟು, ಎರಡು ಸ್ವರ, ನಗೆ, ಬಿಕ್ಕು. ಚನ್ನಬಸು ಅದನ್ನು ನೋಡಿದ. ಅವನ ಗಲ್ಲ ಅದುರಿತು. “ನಮ್ಮಕಿಗೂ ಹಿಂಗs ಬಿಕ್ಕಳಿಕಿ ಬರ್ತಿತ್ತು ನಕ್ಕರ” ಎಂದವನೇ ನಕ್ಕ, ಅತ್ತ, ಮತ್ತೆ ನಕ್ಕು ಮುಳ್ಳು ಎತ್ತಿ ಮುಂದಿಟ್ಟ. ಇಂದು ಅವನು ಮಧ್ಯಾಹ್ನಮನೆಯಲ್ಲೇ ಮಲಗಿದ, ಗೊರಕೆ ಸಮೇತ.

ಎಲ್ಲರೂ ಮಲಗಿದ ಮೇಲೆ ನಾನು ದೊಡ್ಡವ್ವನ ಪಕ್ಕ ಕೂತು, ನಮ್ಮ ಪ್ಲೇಟಿಗೆ ಆ ಗೀರು ಹೇಗೆ ಬಂದಿರಬಹುದು ಎಂದೆ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ, ಬೇರೆ ಯಾರ ಮನೆಯಲ್ಲೂ ಇಲ್ಲ. ಹಾಡು ಹಾಕುವ ಮುನ್ನ ಗಾದಿ ಮಡಚಬೇಕು, ಮಕ್ಕಳು ಅದರ ಮೇಲೆ ಕುಣಿಯಬಾರದು. ಏಕೆಂದು ನಾವು ಯಾರೂ ಕೇಳಿರಲಿಲ್ಲ. ದೊಡ್ಡವ್ವ ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳಿದಳು: “ನಾಜನೀನ್ ಅನ್ನೋ ಕೂಸು ಅಜ್ಜನ ಹಾಡಿಗೆ ಗಾದಿ ಮ್ಯಾಲ ಕುಣೀತಂತ. ನೆಲ ಅಲುಗಿ ಮುಳ್ಳು ಹಾರಿ ಪ್ಲೇಟ್ ಗೀರಿತಂತ. ಅಜ್ಜ ಎಷ್ಟ್ ಬೈದಾನಂದ್ರ, ಆ ಕೂಸು ದೊಡ್ಡಾಕಿ ಆಗಿ ಸಾಯೋತನಕಾ ಒಂದ್ ಹಾಡಿಗೂ ಕಾಲ್ ಕುಣಿಸ್ಲಿಲ್ಲವಾ. ಪ್ಲೇಟ್ ಅಟ್ಟಕ್ಕ ಹೋತು. ಮನ್ಯಾಗ ಹಾಡs ನಿಂತ್ವು.”

ಅಜ್ಜಾ, ಅದು ಬರುವ ಭಾನುವಾರ. ನೀವು ಬಹಳ ವರ್ಷದ ಮೇಲೆ ಪ್ಲೇಟು ಹೊರಗೆ ತೆಗೆಯುತ್ತೀರಿ. ಉಳಿದಿರುವುದು ಅದೊಂದೇ ಎಂದು ನಿಮ್ಮ ಜೀವವೆಲ್ಲ ಅದರಲ್ಲಿ ಇರುತ್ತದೆ. ನಾಜನೀನ್ ಗಾದಿಯ ಮೇಲೆ ಹತ್ತುತ್ತಾಳೆ. ದಯವಿಟ್ಟು ಅವಳನ್ನು ಇಳಿಸಬೇಡಿ. ಪ್ಲೇಟನ್ನು ಎತ್ತಿಡಬೇಡಿ. ನಿಮ್ಮ ಹಾಡಿಗೆ ಊಟಕ್ಕೆ ಏಳದೆ, ಮಲಗದೆ, ಎದ್ದು ಕುಣಿದ ಮೊದಲ ಜೀವ ಅವಳು. ಏಳು, ಐದು, ಏಳು ಎಂದು ನಿಮ್ಮ ಲೆಕ್ಕಕ್ಕೇ ಕುಣಿಯುತ್ತಿರುತ್ತಾಳೆ, ಬೇಕಾದರೆ ಕಾಲು ನೋಡಿ. ಆ ಗೀರು ನಮಗೆ ಬೇಕು. ಚನ್ನಬಸುವಿಗೆ ಬೇಕು, ಅವನ ಹಿಂದಿನವರಿಗೂ ಬೇಕಾಗಿತ್ತು, ಮುಂದಿನವರಿಗೂ ಬೇಕಾದೀತು. ಬೈಗುಳ ಮಾತ್ರ ಯಾರಿಗೂ ಬೇಡ. ಹಿಂದಂಚೆಯ ಅಧಿಕಾರಿ ಈ ಕಾಗದದ ಕರಡನ್ನು ಮೂರು ಸಲ ಓದಿ, “ಗೀರು ಬಿದ್ದರ ಸಾಕು, ಉಳಿದದ್ದಕ್ಕ ನಮ್ಮ ತಕರಾರಿಲ್ಲ” ಎಂದು ಠಸ್ಸೆ ಒತ್ತಿದ್ದಾನೆ.

ಆ ಕ್ಷಣಕ್ಕೆ ಏನು ಹೇಳಬೇಕು ಎಂದು ತೋಚದಿದ್ದರೆ ನಾನು ನೆನಪಿಸುತ್ತೇನೆ. ಗೋದಾಮಿನಲ್ಲಿ ಮಾಸ್ತರರ ಬೆರಳು ಜಾರಿ ಎರಡನೆಯ ಸ್ವರ ತಪ್ಪಾಗಿ ಬಿತ್ತು. ಫಿಲೋಮಿನಾ ಬಾಯಿಗೆ ನಗು ತಡೆಯಲಾಗಲಿಲ್ಲ, ರೆಕಾರ್ಡು ಕೆಟ್ಟಿತೆಂದು ಎಲ್ಲರೂ ಅಂದುಕೊಳ್ಳುವ ಹೊತ್ತಿಗೆ ನೀವು ಬಿಲ್ಲು ಬಿಡದೆ ಎರಡು ಮಾತು ಆಡಿದಿರಿ. ನಮ್ಮ ಪ್ಲೇಟಿನಲ್ಲಿ ಅದು ಗೀರಿನ ಆಚೆ ಉಳಿದುಹೋಗಿತ್ತು, ಕೋಬೆಯದರಲ್ಲಿ ಕೇಳಿಸಿತು. ಇನ್ನು ಮೇಲೆ ಮುಳ್ಳು ಎತ್ತಿದ ಕೂಡಲೇ ಊರೆಲ್ಲ ಸೇರಿ ಆ ಮಾತು ಹೇಳುವುದೆಂದು ತೀರ್ಮಾನಿಸಿದ್ದೇವೆ. ಆದರೆ ನಮಗಿಂತ ಮೊದಲು ಅದನ್ನು ಇನ್ನೊಮ್ಮೆ ನೀವು ಹೇಳಬೇಕು, ಭಾನುವಾರ, ಗಾದಿಯ ಮೇಲೆ ಹೆದರಿ ನಿಂತ ಆ ಕೂಸಿಗೆ, ಅದೇ ದನಿಯಲ್ಲಿ:

“ಇರ್ಲಿ ಬಿಡವಾ, ಛಲೋ ಆಗೇತಿ.”

ನಿಮ್ಮ ಕುಡಿ,
ಗುಲ್ನಾರ್